ಅವರೊಬ್ಬರಿಗೆ ಮಾತ್ರ

ಆರೋಗ್ಯಾಧಿಕಾರಿ ಬೀಗದೊಳಗೆ ಇನ್ನಷ್ಟು ಎಣ್ಣೆ ಬಿಟ್ಟು ಕೀಲಿಯನ್ನು ಬಲವಾಗಿ ತಿರುಗಿಸಿದ. ಬೀಗ ಜಗ್ಗಲಿಲ್ಲ. ಅವನ ಬಿಳಿ ಅಂಗಿಯ ತೋಳಿಗೆ ತುಕ್ಕು ಮೆತ್ತಿಕೊಂಡಿತು.

"ಬಿಡಿ ಸಾರ್. ಈ ಬೀಗಕ್ಕೂ ನಿಮ್ಮ ಆಫೀಸಿನ ಗಾಳಿ ಬಡಿದಿದೆ, ಹೇಳಿದ ತಕ್ಷಣ ಕೆಲಸ ಮಾಡಲ್ಲ," ಎಂದು ಗುಂಡಿ ತೋಡುವ ಮುದುಕ ಮುಂದೆ ಬಂದ. ಹಾರೆಯ ಹಿಂಬದಿಯಿಂದ ಒಂದೇಟು ಕೊಟ್ಟ. ಬೀಗ ಕಳಚಿ ನೆಲಕ್ಕೆ ಬಿತ್ತು.

ಕೆಳಗಿನ ಬೀದಿಯ ಹಳೆಯ ಸ್ಮಶಾನ ಎಷ್ಟೋ ವರ್ಷಗಳ ಮೇಲೆ ತೆರೆದುಕೊಂಡಿತು. ಒಳಗೆ ಸೊಂಟದುದ್ದ ಕಳೆ. ಅದರಾಚೆಗೆ ಮುಚ್ಚಿಹೋದ ಕಾರ್ಖಾನೆಯ ಗೋಡೆ, ಹೊಗೆ ಬಿಡದ ಚಿಮಣಿ. ಗೇಟಿಗೆ ಕಟ್ಟಿದ್ದ ಹಲಗೆಯ ಮೇಲೆ 'ಇಲ್ಲಿ ಅಗೆಯಬಾರದು' ಎಂದು ಬರೆದಿತ್ತು. ಹಾಗೆ ಬರೆಸಿದವರು ವಿಶ್ವವಿದ್ಯಾಲಯದ ಮೇಡಂ. ಮೇಡಂ ನಿನ್ನೆ ಬೆಳಿಗ್ಗೆ ತೀರಿಕೊಂಡಿದ್ದರು.

"ನಗರಸಭೆ ಅಧ್ಯಕ್ಷರೇ ಖುದ್ದಾಗಿ ಹೇಳಿದಾರೆ ಅಕ್ಕ," ಎಂದು ಅಧಿಕಾರಿ ಮೇಡಮ್ಮಿನ ಮಗಳಿಗೆ ಹೇಳಿದ. "ಊರಿಗೆ ಅಷ್ಟೆಲ್ಲ ಮಾಡಿದೋರು. ಗಂಡನ ಪಕ್ಕದಲ್ಲಿ ಮಲಗಿಸೋಕೆ ನಾವ್ಯಾಕೆ ಅಡ್ಡ ಬರೋದು? ಅವರೊಬ್ಬರಿಗೆ ಮಾತ್ರ ವಿನಾಯಿತಿ."

ಅವನು ಮೇಡಮ್ಮಿನ ವಿದ್ಯಾರ್ಥಿಯಾಗಿದ್ದವನು. ಕೊನೆಯ ಮಾತು ಹೇಳುವಾಗ ಮಗಳ ಮುಖ ನೋಡದೆ ಅಂಗಿಯ ತುಕ್ಕನ್ನು ಉಜ್ಜಿದ. ತುಕ್ಕು ಇನ್ನಷ್ಟು ಹರಡಿತು.

"ಈಗಲಾದ್ರೂ ನಮ್ಮ ಅಕ್ಕನ ಬೆಲೆ ಗೊತ್ತಾಯ್ತಲ್ಲ ಇವರಿಗೆ," ಎಂದಳು ಚಿಕ್ಕಮ್ಮ, ಮೇಡಮ್ಮಿನ ತಂಗಿ. "ಏನೇ ಸುಮ್ನೆ ನಿಂತ್ಯಲ್ಲ? ಹೂಂ ಅನ್ನು."

ಮಗಳು ಕಳೆಯ ನಡುವೆ ಅಪ್ಪನ ಕಲ್ಲನ್ನು ಹುಡುಕುತ್ತಿದ್ದಳು. ಮೂಲೆಯಲ್ಲಿ ಅದರ ತಲೆ ಕಂಡಿತು. ಅಪ್ಪ ಈ ಬೀದಿಯ ಟೈಲರ್. ಅವನ ಅಂಗಡಿಯನ್ನು ಈಗ ಅವಳೇ ನಡೆಸುತ್ತಿದ್ದಳು. ಕಾಯಿಲೆ ಬಿದ್ದಾಗ ಅವನು ಹೇಳಿದ್ದು ಒಂದೇ ಮಾತು. "ನಿಮ್ಮಮ್ಮನ್ನ ನನ್ನ ಪಕ್ಕಾನೇ ಮಲಗಿಸಮ್ಮ. ಅವಳಿಗೆ ಒಬ್ಬಳೇ ಮಲಗಿ ಅಭ್ಯಾಸ ಇಲ್ಲ." ಅವಳು ಅವನ ಕೈ ಹಿಡಿದು ಆಗಲಿ ಎಂದಿದ್ದಳು. ಆ ಕಲ್ಲಿನ ಅರ್ಧಭಾಗ ಅಮ್ಮನಿಗಾಗಿ ಇನ್ನೂ ಖಾಲಿ ಇತ್ತು.

"ಹೂಂ," ಎಂದಳು ಮಗಳು.

"ಮೊದಲು ಕಳೆ ಕೀಳ್ತೀನಿ," ಎಂದ ಮುದುಕ. "ನೀವು ಮನೆ ಕಡೆ ನೋಡ್ಕೊಳ್ಳಿ. ಮೇಡಂನ ಕರ್ಕೊಂಡು ಬರೋ ಹೊತ್ತಿಗೆ ಜಾಗ ತಯಾರಿರುತ್ತೆ."

*

ಮನೆಯ ಮುಂದಿನ ಕೋಣೆಯಲ್ಲಿ ಮೇಡಂ ಮಲಗಿದ್ದರು. ಕುರ್ಚಿಗಳಲ್ಲಿ ವಿಶ್ವವಿದ್ಯಾಲಯದವರು ಕೂತಿದ್ದರು. ಕೆಳಗಿನ ಬೀದಿಯವರು ಬಾಗಿಲ ಬಳಿ, ಗೋಡೆಗೆ ಒರಗದಂತೆ ಎಚ್ಚರದಿಂದ ನಿಂತಿದ್ದರು. ಎರಡು ಗುಂಪಿನ ನಡುವೆ ಖಾಲಿ ಜಾಗವಿತ್ತು. ಅದನ್ನು ಮೊದಲು ದಾಟಿದವನು ಬಸ್ ಡ್ರೈವರ್, ಮಧ್ಯವಯಸ್ಸಿನ ದಪ್ಪ ಆಸಾಮಿ. ಮೇಡಮ್ಮಿನ ಕಾಲ ಬಳಿ ನಿಂತು ಜೋರಾಗಿ ಮೂಗು ಸೀಟಿದ.

"ನನ್ನ ಮುಂದಿನ ಹಲ್ಲು ಇವರ ಹತ್ರಾನೇ ಉಳೀತು," ಎಂದ.

ಕುರ್ಚಿಯಲ್ಲಿದ್ದ ಯುವ ಅಧ್ಯಾಪಕಿ ಗಾಬರಿಯಿಂದ ನೋಡಿದಳು.

"ಹಾಲುಹಲ್ಲು ಕಣಮ್ಮ," ಎಂದಳು ಬಾಗಿಲ ಬಳಿಯಿದ್ದ ಇಸ್ತ್ರಿ ಅಂಗಡಿಯವಳು. "ನಮ್ಮದೆಲ್ಲ ಇವರೇ ತಗೊಂಡಿದ್ದು. ಇವನದು ಮಾತ್ರ ಬಿದ್ದ ಹಲ್ಲಲ್ಲ, ಬೀಳಿಸ್ಕೊಂಡಿದ್ದು."

"ಪೆನ್ಸಿಲ್ ಕೊಡ್ತಿದ್ರಲ್ಲ, ಅದಕ್ಕೆ! ಬಾಗಿಲಿಗೆ ದಾರ ಕಟ್ಟಿ ಎಳ್ಕೊಂಡೆ."

"ನಿನ್ನ ತಮ್ಮ ನಾಯಿ ಹಲ್ಲು ಕೊಟ್ಟಿದ್ನಲ್ಲೋ!"

"ಅದಕ್ಕೂ ಪೆನ್ಸಿಲ್ ಕೊಟ್ರು. 'ನಾಯಿಯೂ ಇದೇ ಬೀದೀದು ತಾನೆ' ಅಂದ್ರು."

ಕುರ್ಚಿಯ ಕಡೆಯಿಂದಲೂ ನಗು ಬಂತು.

*

ಮೇಡಂ ಆಗಿನ್ನೂ ಚಿಕ್ಕವಳು. ತಲೆಗೂದಲು ಕಪ್ಪಗಿತ್ತು, ವಿಶ್ವವಿದ್ಯಾಲಯದ ಕೆಲಸ ಕಾಯಂ ಆಗಿರಲಿಲ್ಲ. ಕೈಚೀಲದ ತುಂಬ ಸಣ್ಣ ಸಣ್ಣ ಡಬ್ಬಿ ಇಟ್ಟುಕೊಂಡು ಕೆಳಗಿನ ಬೀದಿಗೆ ಬಂದಳು. ಬೀದಿಯ ಕೊನೆಯಲ್ಲಿ ಹಳೆಯ ಬ್ಯಾಟರಿಗಳನ್ನು ಕರಗಿಸಿ ಸೀಸ ತೆಗೆಯುವ ಕಾರ್ಖಾನೆ. ಒಗೆದು ಹರವಿದ ಬಟ್ಟೆಯ ಮೇಲೆ ಸಂಜೆಯೊಳಗೆ ಬೂದಿ ಕೂರುತ್ತಿತ್ತು. ಮಕ್ಕಳಿಗೆ ಹೊಟ್ಟೆನೋವು, ಓದಿದ್ದು ತಲೆಗೆ ಹತ್ತುವುದಿಲ್ಲ. "ಕೆಳಗಿನ ಬೀದಿಯವು ದಡ್ಡ ಮುಂಡೇವು" ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ತಾಯಂದಿರೂ ಹಾಗೆಂದೇ ನಂಬಿದ್ದರು.

ಮಕ್ಕಳ ರಕ್ತ ಕೇಳಿದರೆ ಯಾರೂ ಕೊಡರು. ಬಿದ್ದ ಹಲ್ಲಾದರೆ ಯಾರಿಗೂ ಬೇಡ. ಮೈಯೊಳಗೆ ಹೋದ ಸೀಸ ಹಲ್ಲಿನಲ್ಲಿ ಉಳಿಯುತ್ತದೆ. ಹೋಲಿಸಿ ನೋಡಲು ಮೇಲಿನ ಬೀದಿಯ ಬಂಗಲೆಗಳ ಮಕ್ಕಳಿಂದಲೂ ಅವಳು ಹಲ್ಲು ತಂದಳು. ಬಂಗಲೆಯವರು ಅವಳನ್ನು ಭಿಕ್ಷೆಯವಳೆಂದುಕೊಂಡು ಗೇಟಿನಿಂದಲೇ ಕಳಿಸಿದ್ದೂ ಉಂಟು. ವಿಭಾಗದ ಮುಖ್ಯಸ್ಥರು, "ಹಲ್ಲು ಆರಿಸೋದು ಸಂಶೋಧನೆ ಏನಮ್ಮ? ದಂತವೈದ್ಯರ ಹತ್ರ ಕೆಲಸಕ್ಕೆ ಸೇರ್ಕೋ," ಎಂದರು.

ಚೀಲ ಹರಿದಾಗ ಅವಳು ಬೀದಿಯ ಟೈಲರ್ ಬಳಿ ಹೋದಳು. ಅವನು ಹೊಲಿದು, ಒಳಗೆ ಡಬ್ಬಿಗಳು ಉರುಳದಂತೆ ಒಂದೊಂದಕ್ಕೂ ಪುಟ್ಟ ಜೇಬು ಮಾಡಿಕೊಟ್ಟ. ಅವಳು ಆ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಹರಿಯದಿದ್ದರೂ ಹೋಗತೊಡಗಿದಳು.

ಫಲಿತಾಂಶ ಬಂದ ದಿನ ತಾಯಂದಿರನ್ನೆಲ್ಲ ಶಾಲೆಯಲ್ಲಿ ಕೂಡಿಸಿ ಮೊದಲು ಅವರಿಗೇ ಹೇಳಿದಳು. "ನಿಮ್ಮ ಮಕ್ಕಳು ದಡ್ಡರಲ್ಲ. ಅವರಿಗೆ ವಿಷ ಉಣ್ಣಿಸಿದಾರೆ." ಹಿಂದಿನ ಸಾಲಿನಲ್ಲಿ ಒಬ್ಬಾಕೆ, ಬೆಳಿಗ್ಗೆಯಷ್ಟೇ ಓದಲಿಲ್ಲವೆಂದು ಹೊಡೆದಿದ್ದ ಮಗನನ್ನು ಎದೆಗೆ ಅವುಚಿಕೊಂಡು ಅಳತೊಡಗಿದಳು.

*

ದಂತವೈದ್ಯರ ಹತ್ತಿರ ಹೋಗು ಎಂದಿದ್ದ ಹಳೆಯ ಮುಖ್ಯಸ್ಥರೂ ಬಂದಿದ್ದರು. ಕೋಲೂರಿ ಕೂತು, ಈಗ ಎಲ್ಲರಿಗೂ ಅವರೇ ಹೇಳುತ್ತಿದ್ದರು.

"ನಗರಸಭೆಗೆ ನಾನೂ ಹೋಗಿದ್ದೆ. ಕಾರ್ಖಾನೆಯವನು ಕೈಮುಗಿದು, ಮುಚ್ಚೋದು ಬೇಡ, ನಮಗೊಂದು ವಿನಾಯಿತಿ ಕೊಡಿ ಅಂದ. ಸದಸ್ಯರೆಲ್ಲ ಕರಗಿ ನೀರಾಗಿಬಿಟ್ರು. ಈಕೆ ಎದ್ದು ನಿಂತಳು. 'ಈ ಊರಲ್ಲಿ ವಿನಾಯಿತಿ ಯಾವತ್ತೂ ಮೇಲಿನ ಬೀದಿಗೆ, ಹೊಗೆ ಯಾವತ್ತೂ ಕೆಳಗಿನ ಬೀದಿಗೆ. ನಾನು ಪುಸ್ತಕದ ತುಂಬ ಬರೆದಿರೋದು ಇಷ್ಟೇ. ಓದೋಕೆ ಪುರುಸೊತ್ತಿಲ್ಲದೋರು ಇಷ್ಟು ಕೇಳಿಸ್ಕೊಂಡು ಹೋಗಿ' ಅಂದಳು. ಏನು ಗಂಟಲು ಅಂತೀರಿ! ನನ್ನ ವಿಭಾಗದವಳು ಅಂತ ಪಕ್ಕದವನಿಗೆ ಹೇಳಿದೆ."

"ಆಗ ಹೇಳಿದ್ರಾ, ಈಗ ಹೇಳ್ತಿದೀರಾ?" ಎಂದಳು ಚಿಕ್ಕಮ್ಮ.

"ಆಗ ಮೆಲ್ಲಗೆ ಹೇಳಿದ್ದೆ," ಎಂದರು ಹಳೆಯ ಮುಖ್ಯಸ್ಥರು.

ಆರೋಗ್ಯಾಧಿಕಾರಿ ಒಂದು ಮೂಲೆಯಲ್ಲಿ ನಿಂತು ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಮಗಳು ಅಮ್ಮನ ಹೊದಿಕೆಯ ಅಂಚನ್ನು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

*

ಅಪ್ಪ ಹೋದ ಎರಡು ವರ್ಷದ ಮೇಲೆ ಒಂದು ಸಂಜೆ ಅಮ್ಮ ಅಂಗಡಿಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಸ್ಮಶಾನದ ಮಣ್ಣಿನ ಪರೀಕ್ಷೆ ಮುಗಿದಿದೆ, ಹಳ್ಳ ಮುಚ್ಚಲು ಕಾರ್ಖಾನೆಯ ಬೂದಿಯನ್ನೇ ತಂದು ಸುರಿದಿದ್ದಾರೆ, ಇಡೀ ಬೀದಿಯಲ್ಲಿ ಅದರಷ್ಟು ಕೆಟ್ಟ ನೆಲ ಇನ್ನೊಂದಿಲ್ಲ ಎಂದಳು. ಅಲ್ಲಿ ಅಗೆಯುವುದನ್ನು ನಿಲ್ಲಿಸಬೇಕು, ಗುಡ್ಡದ ಮೇಲಿರುವ ಬಂಗಲೆಯವರ ಸ್ಮಶಾನವನ್ನು ಕೆಳಗಿನ ಬೀದಿಯವರಿಗೂ ಬಿಟ್ಟುಕೊಡಬೇಕು ಎಂದು ಬರೆದು ಕೊಟ್ಟು ಬಂದಿದ್ದಳು.

ಮಗಳ ಕಾಲು ಯಂತ್ರದ ಮೆಟ್ಟಿನ ಮೇಲೆ ನಿಂತಿತು. "ಅಮ್ಮಾ, ಅಪ್ಪನ ಪಕ್ಕದ ಜಾಗ?"

"ಗೊತ್ತು."

"ಗೊತ್ತಿದ್ದೂ ಬರೆದ್ಯಾ? ಅಪ್ಪನಿಗೆ ಮಾತು ಕೊಟ್ಟೋಳು ನಾನು. ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?"

ಅಮ್ಮ ಎದ್ದು ಬಂದು, ಮಗಳನ್ನು ಏಳಿಸಿ, ಅಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಳು. ಒಂದು ತುಂಡು ಬಟ್ಟೆ ತೆಗೆದುಕೊಂಡು ಸುಮ್ಮನೆ ಹೊಲಿಯತೊಡಗಿದಳು. ಅವಳಿಗೆ ಹೊಲಿಗೆ ಬರುತ್ತಿರಲಿಲ್ಲ. ಸಾಲು ಎತ್ತೆತ್ತಲೋ ಹೋಗುತ್ತಿತ್ತು. ಕತ್ತಲಾಗುವವರೆಗೂ ಹೊಲಿದಳು.

*

ಮೇಡಮ್ಮಿನ ಶವಪೆಟ್ಟಿಗೆಯನ್ನು ಹೊತ್ತವರು ಕೆಳಗಿನ ಬೀದಿಗೆ ಇಳಿದಾಗ ಮನೆಮನೆಯವರೂ ಹೊರಗೆ ಬಂದು ಹಿಂದೆ ಸೇರಿಕೊಂಡರು. ಸ್ಮಶಾನದ ಗೇಟಿನ ಬಳಿ ಬರುವಷ್ಟರಲ್ಲಿ ಬೀದಿ ತುಂಬಿತ್ತು.

ಒಳಗೆ ಕಳೆ ಕಿತ್ತಾಗಿತ್ತು. ಅಪ್ಪನ ಕಲ್ಲಿನ ಪಕ್ಕದಲ್ಲಿ ಮುದುಕ ನೆಲದ ಮೇಲೆ ಹಾರೆಯಿಂದ ಗುರುತು ಮಾಡುತ್ತಿದ್ದ. ಆರೋಗ್ಯಾಧಿಕಾರಿ ಅವನಿಗೆ ಒಂದು ಮುಖಗವಸು ಕೊಟ್ಟ. ಮುದುಕ ಕಟ್ಟಿಕೊಂಡು ಒಂದು ಸಲ ಉಸಿರೆಳೆದ, ತೆಗೆದು ಜೇಬಿಗೆ ಹಾಕಿಕೊಂಡ.

"ಇದನ್ನ ಕಟ್ಕೊಂಡು ಯಾರಪ್ಪಾ ಅಗೀತಾರೆ? ಉಸಿರು ಕಟ್ಟತ್ತೆ."

"ಹಾಗಲ್ಲ, ದೂಳು..." ಎಂದ ಅಧಿಕಾರಿ.

"ಮೇಡಂಗೋಸ್ಕರ ಒಂದು ಹೊತ್ತು ದೂಳು ಕುಡಿಯಲ್ವಾ ನಾನು? ಒಂದೇ ಒಂದು ಗುಂಡಿ ತಾನೆ?"

ಅವನು ಹಾರೆ ಎತ್ತಿದ. ಅವನ ಮುಖದಲ್ಲಿ ಸಂತೋಷವಿತ್ತು. ಅದನ್ನು ನೋಡಿ ಮಗಳಿಗೆ ಒಮ್ಮೆಲೇ ಅಮ್ಮನ ಆ ಸೊಟ್ಟ ಹೊಲಿಗೆಯ ಸಂಜೆ ಪೂರ್ತಿ ಅರ್ಥವಾಯಿತು.

"ತಾತ, ಬೇಡ," ಎಂದಳು. "ನಿಲ್ಲಿಸಿ. ಗುಡ್ಡಕ್ಕೆ ಹೋಗೋಣ."

ಗೇಟಿನ ಬಳಿ ಗುಜುಗುಜು ಎದ್ದಿತು. ಚಿಕ್ಕಮ್ಮ ಅವಳ ತೋಳು ಹಿಡಿದಳು. "ತಲೆ ಕೆಟ್ಟಿದ್ಯೇನೆ ನಿಂಗೆ? ಅವರಾಗಿ ಬಂದು ಕೊಟ್ಟಿರೋ ಮರ್ಯಾದೆ ಇದು!"

"ಇದು ಮರ್ಯಾದೆ ಅಲ್ಲ ಚಿಕ್ಕಮ್ಮ. ವಿನಾಯಿತಿ."

"ಸಾಯೋನಿಗೆ ಕೊಟ್ಟ ಮಾತು? ನಿಮ್ಮಪ್ಪ ಕಾಯ್ತಿದಾನಲ್ಲೇ ಅಲ್ಲಿ..." ಚಿಕ್ಕಮ್ಮನ ದನಿ ಒಡೆಯಿತು.

ಮಗಳು ಕಲ್ಲಿನ ಬಳಿ ಹೋಗಿ ನಿಂತಳು. ಏನೂ ಬರೆಯದ ಆ ಅರ್ಧದ ಮೇಲೆ ಅಂಗೈ ಇಟ್ಟಳು. ಬಿಸಿಲಿಗೆ ಕಾದಿತ್ತು. ಅಪ್ಪನಿಗೆ ಅಂಗಡಿಯಲ್ಲಿ ಹೇಳುತ್ತಿದ್ದಷ್ಟೇ ಮಾಮೂಲು ದನಿಯಲ್ಲಿ ಹೇಳಿದಳು.

"ಬರಲ್ವಂತೆ ಅಪ್ಪ. ನಿನ್ನ ಹೆಂಡತಿ ನಿಂಗೇ ಗೊತ್ತಲ್ಲ."

ಮೊದಲು ಅಲುಗಿದವನು ಆರೋಗ್ಯಾಧಿಕಾರಿ. ಒಳಗಿದ್ದವರನ್ನೆಲ್ಲ ಹೊರಗೆ ಕಳಿಸಿ ಗೇಟು ಎಳೆದು ಮುಚ್ಚಿದ, ಬೀಗ ಒಡೆದಿದ್ದರಿಂದ ತನ್ನ ಬೆಲ್ಟು ಬಿಚ್ಚಿ ಸರಳುಗಳಿಗೆ ಬಿಗಿದ. ಆಮೇಲೆ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟ. ಅವನ ಕಣ್ಣಿನಿಂದ ನೀರಿಳಿಯುತ್ತಿತ್ತು. ಈಗ ಮಾತ್ರ ಅವನು ಮಗಳ ಮುಖವನ್ನು ನೇರವಾಗಿ ನೋಡಿದ.

"ತಿರುಗ್ರಪ್ಪೋ!" ಎಂದು ಬಸ್ ಡ್ರೈವರ್ ಕೂಗಿದ. "ಹಿಂದಿರೋರು ಮುಂದೆ! ಮೇಡಂ ಗುಡ್ಡ ಹತ್ತಬೇಕಂತೆ!"

ಇಡೀ ಬೀದಿ ತಿರುಗಿತು. ಹಿಂದೆ ನಿಂತಿದ್ದ ಕೆಳಗಿನ ಬೀದಿಯ ಹೆಂಗಸರು ಮುಂದಾದರು, ಮುಂದಿದ್ದ ಪ್ರೊಫೆಸರುಗಳು ಹಿಂದಾದರು. ಹಳೆಯ ಮುಖ್ಯಸ್ಥರ ಒಂದು ರಟ್ಟೆಯನ್ನು ಚಿಕ್ಕಮ್ಮ ಹಿಡಿದಳು. "ಮೆಲ್ಲಗೆ ಹೇಳೋರು ಮೆಲ್ಲಗೇ ಹತ್ತಿ," ಎಂದು ಗದರುತ್ತ, ಅಳುತ್ತ, ಹತ್ತಿದಳು. ಬಂಗಲೆಗಳ ಮಹಡಿಗಳಿಂದ ಜನ ನೋಡಿದರು. ಕೆಲವರು ಇಳಿದು ಬಂದರು.

ಗುಡ್ಡದ ಸ್ಮಶಾನದಲ್ಲಿ ಅಗೆಯಲು ಬೇರೆ ಆಳಿದ್ದ. ಆದರೂ ಮುದುಕ ಹಾರೆ ಕೊಡಲಿಲ್ಲ. "ಮೇಡಂದು ನಾನೇ," ಎಂದ. ಅಗೆದ ಮಣ್ಣು ಕೆಂಪಗೆ, ಮೆತ್ತಗೆ, ತುಸು ತೇವವಾಗಿ ಪಕ್ಕದಲ್ಲಿ ರಾಶಿಯಾಗುತ್ತ ಹೋಯಿತು.

ಇಸ್ತ್ರಿ ಅಂಗಡಿಯವಳ ಪುಟ್ಟ ಮೊಮ್ಮಗಳು ಜನರ ಕಾಲುಗಳ ನಡುವೆ ನುಸುಳಿ, ರಾಶಿಯ ಮುಂದೆ ಕುಕ್ಕರಿಸಿ, ಎರಡೂ ಕೈಗಳನ್ನು ಅದರೊಳಗೆ ತೂರಿಸಿದಳು.

"ಏಯ್, ಮಣ್ಣು ಮುಟ್ಬೇಡ ಅಂತ ಎಷ್ಟು ಸಲ..." ಇಸ್ತ್ರಿ ಅಂಗಡಿಯವಳ ಕೈ ಮೇಲೆದ್ದಿತು. ಕೆಳಗಿನ ಬೀದಿಯ ಮಕ್ಕಳು ನಡಿಗೆ ಕಲಿಯುವ ಮೊದಲೇ ಕೇಳುವ ಮಾತು ಅದು. ಎತ್ತಿದ ಕೈ ಹಾಗೆಯೇ ನಿಂತಿತು. ಅವಳು ಮಣ್ಣನ್ನು ನೋಡಿದಳು, ಮಗುವನ್ನು ನೋಡಿದಳು.

ಆಮೇಲೆ ಪಕ್ಕದಲ್ಲಿ ಕೂತು, ಮಗುವಿನ ಅಂಗಿಯ ತೋಳುಗಳನ್ನು ಮೊಣಕೈಯ ಮೇಲಕ್ಕೆ ಮಡಿಸಿಬಿಟ್ಟಳು.