ಮೊಂಡಿಯ ಜೇನೆಣಿಕೆ

ಮೊಂಡಿ ಅಂತ ಹೆಸರಿಟ್ಟವಳು ಅವಳ ಅಮ್ಮನೇ. ಹಿಡಿದ ಹಟ ಬಿಡದ ಮಗಳಿಗೆ ಬೇರೆ ಯಾವ ಹೆಸರು ತಾನೇ ಒಪ್ಪೀತು! ಬಿ.ಎಸ್ಸಿ. ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ಗೆಳತಿಯರೆಲ್ಲ ಹಾಯಾಗಿ ಹೊದ್ದು ಮಲಗಿದ್ದರೆ, ಇವಳು ಕಾಲೇಜಿನ ಹಿಂದಿನ ಸೂರ್ಯಕಾಂತಿ ಹೊಲದಲ್ಲಿ ಡ್ರೋನ್ ಹಾರಿಸುತ್ತಿದ್ದಳು. ಹೂವಿನ ಮೇಲೆ ಕೂತ ಜೇನುಹುಳುಗಳ ಫೋಟೊ ತೆಗೆಯಬೇಕು, ಎಣಿಸಬೇಕು, ಇಷ್ಟೇ ಪ್ರಾಜೆಕ್ಟು. ಚೆನ್ನಾಗಿ ಮುಗಿಸಿದರೆ ಮೇಷ್ಟ್ರು ಎಂ.ಎಸ್ಸಿ.ಗೆ ಶಿಫಾರಸು ಪತ್ರ ಕೊಡುತ್ತಾರೆ. ಆ ಪತ್ರವಿಲ್ಲದೆ ಸೀಟು ಸಿಗುವುದು ಅಷ್ಟರಲ್ಲೇ ಇತ್ತು.

ಮೊದಲ ವಾರ ಫೋಟೊದಲ್ಲಿ ಹುಳುಗಳು ಸಾಸಿವೆ ಕಾಳಿನಷ್ಟು ಕಂಡವು. “ಇನ್ನೂ ಸ್ವಲ್ಪ ಕೆಳಗೆ ಇಳಿಸೋಣ ಸರ್,” ಅಂದವಳು ಮೊಂಡಿಯೇ. ವಾರಕ್ಕೊಂದು ಮೀಟರ್ ಇಳಿಸುತ್ತಾ ಬಂದರು. ಫೋಟೊ ಸ್ಪಷ್ಟವಾಗುತ್ತಾ ಹೋಯಿತು, ಜೇನು ಕಡಿಮೆಯಾಗುತ್ತಾ ಹೋಯಿತು. ಆರನೇ ವಾರಕ್ಕೆ ನಲವತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು. ಮೇಷ್ಟ್ರ ಸಂಭ್ರಮ ಕೇಳಬೇಕೆ! ಕಾಲೇಜಿನ ವಿಜ್ಞಾನ ಸಭೆಗೆ ‘ಕಣ್ಮರೆಯಾಗುತ್ತಿರುವ ಜೇನು’ ಅಂತ ಆಳೆತ್ತರದ ಪೋಸ್ಟರ್ ಅಚ್ಚಾಯಿತು.

ಅದೇ ದಿನ ಡ್ರೋನಿನ ಬ್ಯಾಟರಿ ಕೈಕೊಟ್ಟಿತು. ಚಾರ್ಜ್ ಆಗುವವರೆಗೆ ಮೊಂಡಿ ಹೂಸಾಲಿನ ಮಧ್ಯೆ ಕುಕ್ಕರಿಸಿದಳು. ಸುತ್ತ ಗುಂಯ್ ಅನ್ನುವ ಸದ್ದು. ಬೆರಳು ಮಡಿಸಿ ಎಣಿಸಿದಳು: ನಲವತ್ತಮೂರು! ಆಮೇಲೆ ಡ್ರೋನ್ ಏರಿಸಿದಳು. ರೆಕ್ಕೆಯ ಗಾಳಿಗೆ ಹೂಗಳು ತಲೆ ಕೊಡವಿದವು, ಹುಳುಗಳು ದಿಕ್ಕಾಪಾಲಾದವು. ಉಳಿದದ್ದು ಐದು. ಜೇನು ಎಲ್ಲೂ ಹೋಗಿರಲಿಲ್ಲ, ಓಡಿಸುತ್ತಿದ್ದದ್ದು ತಾವೇ. ಅದೂ ಅವಳದೇ ಸಲಹೆ! ಮೂರು ದಿನ ಹಾಗೇ ಎಣಿಸಿ ನೋಡಿದಳು. ಮೂರು ದಿನವೂ ಅದೇ ಕಥೆ.

ಮೇಷ್ಟ್ರು ಅವಳ ನೋಟ್‌ಬುಕ್ ತೆರೆಯಲೂ ಇಲ್ಲ. “ಈಗ ಯಾಕಮ್ಮ ಈ ತಕರಾರು? ಪೋಸ್ಟರ್ ಅಚ್ಚಾಗಿದೆ. ಸಭೆಯಲ್ಲಿ ಅದರಲ್ಲಿರೋದನ್ನ ಓದು, ಪತ್ರ ತಗೊಂಡು ಹೋಗು. ಇಲ್ಲಾಂದ್ರೆ ಪತ್ರದ ಆಸೆ ಬಿಡು.”

ಮನೆಗೆ ಬಂದು ಅಮ್ಮನ ಹೊಲಿಗೆ ಯಂತ್ರದ ಪಕ್ಕ ಕೂತು ಎಲ್ಲ ಹೇಳಿದಳು. ಅಮ್ಮ ಪೆಡಲ್ ತುಳಿಯುವುದನ್ನು ನಿಲ್ಲಿಸಿದಳು.

“ತೋಳಿನ ಅಳತೆ ತಪ್ಪಿದ್ರೆ ನಾನೇನು ಮಾಡ್ತೀನಿ?”

“ಬಿಚ್ಚಿ ಹೊಲಿತೀಯ.”

“ಮತ್ತೆ ನನ್ನನ್ನೇನು ಕೇಳ್ತೀಯೇ ಮೊಂಡಿ?”

ಸಭೆಯ ದಿನ ಮುಂದಿನ ಸಾಲಿನಲ್ಲಿ ಹನ್ನೆರಡು ಜನ ದೊಡ್ಡವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೊಂಡಿ ಪೋಸ್ಟರಿಗೆ ಬೆನ್ನು ತಿರುಗಿಸಿ ನಿಂತಳು. “ಇದು ತಪ್ಪು ಲೆಕ್ಕ. ಡ್ರೋನ್ ಕೆಳಗಿಳಿಸಿ ಅಂದವಳೂ ನಾನೇ. ಏನಾಯ್ತು ಅಂತ ತೋರಿಸ್ತೀನಿ.”

“ಏಯ್, ಕೂತ್ಕೋ!” ಮೇಷ್ಟ್ರು ಗದರಿದರು.

ಅವಳು ಕೂರಲಿಲ್ಲ. ಯಾರಿಗೂ ತಾಗದ ಹಾಗೆ ರೆಕ್ಕೆಗಳಿಗೆ ಬಲೆ ಕಟ್ಟಿ ತಂದಿದ್ದ ಡ್ರೋನನ್ನು ಮುಂದಿನ ಸಾಲಿನ ಮೇಲೆ ಗಾಳಿಯಲ್ಲಿ ನಿಲ್ಲಿಸಿ ಮೆಲ್ಲಗೆ ಇಳಿಸಿದಳು. ಕಾಗದಗಳು ಹಾರಿದವು, ಬಾಚಿದ ಕೂದಲು ಕೆದರಿತು. ದೊಡ್ಡವರು ಒಬ್ಬೊಬ್ಬರಾಗಿ ಎದ್ದು ಗೋಡೆಗೆ ಸರಿದರು. ಮೊಂಡಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದಳು.

“ಹನ್ನೆರಡು ಜನ ಇದ್ರು, ಈಗ ಒಬ್ರೂ ಇಲ್ಲ. ಜನ ಕಣ್ಮರೆ ಆಗ್ತಿದ್ದಾರೆ ಅಂತ ಇನ್ನೊಂದು ಪೋಸ್ಟರ್ ಹಾಕ್ಸೋಣ್ವಾ ಸರ್?”

ಹಿಂದಿನ ಸಾಲುಗಳಲ್ಲಿ ನಗು ಸ್ಫೋಟಿಸಿತು. ಮೇಷ್ಟ್ರ ಮುಖ ಕೆಂಪೇರಿತು. “ಪತ್ರದ ಆಸೆ ಬಿಡು ನೀನು!”

“ಬಿಟ್ಟೇ ಬಂದಿದ್ದು ಸರ್,” ಅಂದಳು ಮೊಂಡಿ.