ಮಾನದ ರಾಡು

ನಿಂಬೆಹಣ್ಣಿನ ವಾಸನೆ ಕಬ್ಬಿಣಕ್ಕೆ ಹತ್ತಿಕೊಂಡರೆ ಹೀಗೇ, ಮೂಗಿಗಿಂತ ಮೊದಲು ಹಲ್ಲಿಗೆ ಗೊತ್ತಾಗುತ್ತದೆ, ಹಲ್ಲು ಜುಮ್ಮೆನ್ನುತ್ತದೆ — ಬೆಳಿಗ್ಗೆಯಿಂದ ಹುಡುಗಿಯರು ರಾಡುಗಳಿಗೆ ನಿಂಬೆಹೋಳು ತಿಕ್ಕಿ ತುಕ್ಕು ತೆಗೆದಿದ್ದಾರೆ, ಪ್ಲೇಟುಗಳಿಗೆ ಕುಂಕುಮ ಇಟ್ಟಿದ್ದಾರೆ, ಚೆಂಡುಹೂವಿನ ಸರ ಸುತ್ತಿದ್ದಾರೆ, ವರ್ಷವಿಡೀ ನಮ್ಮ ಅಂಗೈ ಸುಲಿದ ಕಬ್ಬಿಣ ಇವತ್ತು ಮದುಮಗಳ ಹಾಗೆ ಗಿಡ್ಡ ಸ್ಟ್ಯಾಂಡಿನ ಮೇಲೆ ಕೂತಿದೆ, ಖಂಡೇನವಮಿಯಲ್ಲವೇ, ಆಯುಧಪೂಜೆ. ನಾನು ಅದರ ಎದುರಿಗೆ ಕೈಕಟ್ಟಿ ನಿಂತಿದ್ದೇನೆ, ಮೈಭಾರವೆಲ್ಲ ಬಲಗಾಲಿನ ಮೇಲೆ, ಯಾರಿಗೂ ಕಾಣದ ಹಾಗೆ ಭಾರವನ್ನು ಬಲಗಾಲಿಗೆ ದಾಟಿಸುವುದು ಈಗ ಉಸಿರಾಡಿದಷ್ಟು ಸಲೀಸಾಗಿದೆ. ಇನ್ನು ಸ್ವಲ್ಪ ಹೊತ್ತು. ಮಹಾಲಿಂಗಪ್ಪ ಕಾಕಾ ಬರಬೇಕು, ಈ ವ್ಯಾಯಾಮಶಾಲೆಯ ಅಧ್ಯಕ್ಷರು, ಬೆಲ್ಲದ ವ್ಯಾಪಾರಿ, ಆರತಿ ಹಾಡುವುದು ಅವರೇ, ಅವರು ಗಂಟೆ ಕೈಗೆ ತೆಗೆದುಕೊಂಡ ಕೂಡಲೇ ನಮ್ಮ ಕೋಚ್ ಭರತೇಶ ಸರ್ ನನ್ನ ಕಡೆ ನೋಡುತ್ತಾರೆ, ಹೆಸರು ಹಿಡಿದು ಕರೆಯುವುದೂ ಇಲ್ಲ, ಬರೀ ಗದ್ದ ಎತ್ತುತ್ತಾರೆ, ನಾನು ಹೋಗಿ ಮಾನದ ರಾಡನ್ನು ಒಂದೇ ಹಿಡಿತಕ್ಕೆ ತಲೆಯ ಮೇಲೆ ಎತ್ತಿ ನಿಲ್ಲಬೇಕು, ಆರತಿ ಮುಗಿಯುವವರೆಗೆ ಇಳಿಸುವಂತಿಲ್ಲ — ಇಲ್ಲಿಯ ಪದ್ಧತಿ, ವ್ಯಾಯಾಮಶಾಲೆಯಲ್ಲಿ ಎಲ್ಲರಿಗಿಂತ ಮುಂದಿರುವ ಲಿಫ್ಟರ್ ಯಾರೋ ಅವರ ತೋಳುಗಳ ಮೇಲೆಯೇ ರಾಡಿಗೆ ಪೂಜೆ, ಎಷ್ಟೋ ವರ್ಷಗಳಿಂದ ಆ ತೋಳುಗಳು ನನ್ನವು, ಈ ವೃಷಾಲಿಯವು, ಬೇರೆ ಯಾರಾದರೂ ಎತ್ತಬಹುದು ಎಂಬ ವಿಚಾರವೇ ಇಲ್ಲಿ ಯಾರಿಗೂ ಬರುವುದಿಲ್ಲ, ನಿನ್ನೆ ಮಿರಜಿನಲ್ಲಿ ಡಾಕ್ಟರಬಾಯಿ ಏನು ಹೇಳಿದರು ಎಂಬುದೂ ಇಲ್ಲಿ ಯಾರಿಗೂ ಗೊತ್ತಿಲ್ಲ.

ಡಾಕ್ಟರಬಾಯಿ ಮೊದಲು ನನ್ನ ಬೆನ್ನು ನೋಡಿ ಗಾಬರಿಯಾದರು, ನೆನೆದರೆ ಈಗಲೂ ನಗು ಬರುತ್ತದೆ, ಏನ್ರಿ ಇದು, ಕಾಮಣಿ ಆಗೇತೇನು, ಕಣ್ಣ ತೋರಸ್ರಿ, ರೆಪ್ಪೆ ಕೆಳಗೆಳೆದು ಬ್ಯಾಟರಿ ಬಿಟ್ಟು ನೋಡಿದರು, ಕಣ್ಣು ಬೆಳ್ಳಗೇ ಇದೆ, ಬೆನ್ನು ಮಾತ್ರ ಹಳದಿ. ಕಾಮಣಿ ಅಲ್ಲರಿ ಮ್ಯಾಡಂ, ಅರಿಷಿಣ, ಸಾಂಗ್ಲಿಯೊಳಗ ನಮ್ಮದು ಅರಿಷಿಣದ ಅಂಗಡಿ, ನಮ್ಮ ಆಯಿ ದಿನಾ ಬಿಸಿ ಮಾಡಿ ಹಚ್ಚತಾಳ. ದಿನಾ ಅಂದ್ರ ಯಾವಾಗಿಂದ? ನಾ ಕಾಲೇಜಿನಾಗ ಇದ್ದಾಗಿಂದರಿ. ಅವರು ಬ್ಯಾಟರಿ ಆರಿಸಿ ಕುರ್ಚಿಗೆ ಒರಗಿ ನಕ್ಕರು, ಅಂದ್ರ ಇಷ್ಟ ವರ್ಷ ಬೆನ್ನಿಗೆ ಅಡಗಿ ಮಾಡ್ಯಾರ ನಿಮ್ಮ ಆಯಿ, ಒಗ್ಗರಣಿ ಒಂದ ಬಾಕಿ ಉಳದೈತಿ. ನಾನೂ ನಕ್ಕೆ, ನಕ್ಕಾಗ ಬೆನ್ನು ಚುಚ್ಚಿತು, ನಗುವಿನ ನಡುವೆ ಉಸಿರು ಹಿಡಿದೆ, ಆಗಲೇ ಅವರು ನಗುವುದು ನಿಲ್ಲಿಸಿದ್ದು. ಆಮೇಲೆ ಬೆಳಕಿನ ಪೆಟ್ಟಿಗೆಯ ಮೇಲೆ ಸ್ಕ್ಯಾನಿನ ಫಿಲ್ಮ್ ಸಿಕ್ಕಿಸಿದರು. ಒಂದರ ಕೆಳಗೊಂದು ಬೆನ್ನುಮೂಳೆಯ ಮಣಿಗಳು, ಮಣಿಗಳ ನಡುವೆ ಬಿಳಿ ಗಾದಿಗಳು, ಕಟ್ಟಕಡೆಯ ಗಾದಿ ಮಾತ್ರ ಕಪ್ಪಗೆ, ಚಪ್ಪಟೆಯಾಗಿ, ಹಿಂದಕ್ಕೆ ನಾಲಗೆ ಚಾಚಿದ ಹಾಗೆ — ಇದು ಅದು, ಇದೇ ಅದು, ರಾತ್ರಿ ಮಗ್ಗುಲು ಬದಲಿಸುವಾಗ ನನ್ನನ್ನು ಎಬ್ಬಿಸುತ್ತಿದ್ದದ್ದು, ಸ್ನಾನದ ಚೊಂಬು ಎತ್ತಲು ಬಗ್ಗಿದಾಗ ಎಡಗಾಲಿನ ಹಿಂಬದಿಯಲ್ಲಿ ಬೆಂಕಿಕಡ್ಡಿ ಗೀರುತ್ತಿದ್ದದ್ದು, ಮನಸ್ಸಿನ ಭ್ರಮೆ ಎಂದು ಎಷ್ಟೋ ಸಲ ನಾನೇ ನನಗೆ ಹೇಳಿಕೊಂಡದ್ದು, ಇಷ್ಟು ಸಣ್ಣದು, ಒಂದು ಉಗುರಿನಷ್ಟು. ಅದನ್ನು ನೋಡಿ ಭಯವಾಗಬೇಕಿತ್ತು, ಆಗಲಿಲ್ಲ. ಆಪರೇಶನ್ ಬ್ಯಾಡರಿ, ನಡೀರಿ, ಈಜರಿ, ಏನೇನ ಮಾಡಬೇಕು ಕಲಸ್ತೀವಿ, ನೋವು ಪೂರಾ ಹೋಗೂದಿಲ್ಲ, ಸುಳ್ಳ ಹೇಳೂದಿಲ್ಲ ನಾ, ಆದರ ನಿಮ್ಮ ಮಾತ ಕೇಳೂ ಹಂಗ ಆಗತೈತಿ. ತಲಿ ಮ್ಯಾಲೆ ಎತ್ತೂದು ಮಾತ್ರ ಇವತ್ತಿನಿಂದ ಬಂದ್. ಈ ಗಾದಿ ಇನ್ನೊಮ್ಮೆ ಜಾರಿದ್ರ ಎಡಗಾಲಿನ ಪಾದ ಮ್ಯಾಲೆ ಎತ್ತಾಕ ಬರೂದಿಲ್ಲ, ಚಪ್ಪಲ ಎಳಕೊಂತ ಅಡ್ಡಾಡಬೇಕಾಗತೈತಿ. ಹೂಂ ಅಂದೆ. ಸಾಂಗ್ಲಿಯ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದೆ, ಅಳು ಬರುತ್ತದೇನೋ ಎಂದು ಕಾದೆ, ಅಳು ಬರಲಿಲ್ಲ, ಹಸಿವಾಯಿತು, ವಿಶ್ರಾಮಬಾಗಿನಲ್ಲಿ ಇಳಿದು ಒಂದು ಪೊಟ್ಟಣ ಖಾರ ಭಡಂಗ ಚುರುಮುರಿ ಕೊಂಡು ಫುಟ್‌ಪಾತಿನಲ್ಲೇ ತಿಂದೆ, ಬೆಳ್ಳುಳ್ಳಿ, ಶೇಂಗಾ, ಕಣ್ಣಲ್ಲಿ ನೀರು, ಎಷ್ಟು ದಿನಗಳ ಮೇಲೆ ಬಾಯಿಗೆ ರುಚಿ ಹತ್ತಿತ್ತು. ಪೊಟ್ಟಣ ಮುಗಿದ ಮೇಲೆ ನೆನಪಾಯಿತು, ನಾಳೆ ಖಂಡೇನವಮಿ.

ಆಯಿಗೂ ಹೇಳಲಿಲ್ಲ. ಬೆಳಿಗ್ಗೆ ಮುತ್ತವ್ವ ಆಯಿ, ನನ್ನಪ್ಪನ ಅವ್ವ, ಅಂಗಡಿಯ ಕಟ್ಟೆಯ ಮೇಲೆ ತಕ್ಕಡಿ ಮಲಗಿಸಿ ಹೂ ಏರಿಸುತ್ತಿದ್ದಳು, ಡಾಕ್ಟರ ಏನಂದ್ರ ನಿನಗ? ಏನಿಲ್ಲ ಆಯಿ, ನಿನ್ನ ಅರಿಷಿಣ ನೋಡಿ ನಕ್ಕರು. ನಗಲೇಳು, ನಗೂ ಡಾಕ್ಟರ ಚಲೋ ಇರತಾರ, ಆದರ ಒಂದ ಕೇಳತೀನಿ, ಇವತ್ತೊಂದ ದಿನ ನಮ್ಮ ಅಂಗಡ್ಯಾಗ ತೂಕಾನ ಇಲ್ಲ, ತಕ್ಕಡಿಗೂ ದಣಿವ ಆಗಿರತೈತಿ, ನೀವೆಂಥಾ ಮಂದಿ, ಹಬ್ಬದ ದಿನ ಕಬ್ಬಿಣಕ್ಕ ರಜಾ ಕೊಡೂದ ಬಿಟ್ಟು ತಲಿ ಮ್ಯಾಲೆ ಹೊತ್ತ ನಿಂದರತೀರಿ. ನಾನು ಕಾಲುಚೀಲ ಹಾಕಿಕೊಳ್ಳುತ್ತಿದ್ದೆ, ಅಂದರೆ ಗೋಡೆಗೆ ಬೆನ್ನು ಕೊಟ್ಟು, ಉಸಿರು ಬಿಟ್ಟು, ಕಾಲನ್ನು ಕೈಯಿಂದ ಎತ್ತಿ ಮಡಿಲಿಗೆ ಇಟ್ಟುಕೊಂಡು — ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಆಯಿಗೆ ಗೊತ್ತಾಗಬಾರದೆಂದು ಆ ಹೊತ್ತಿಗೆ ಫೋನ್ ನೋಡುತ್ತಿರುವ ಹಾಗೆ ನಟಿಸುತ್ತೇನೆ. ಯಾಕೆ ಬಿಡಲಾಗಲಿಲ್ಲ ಈ ಎತ್ತುವುದನ್ನು. ಪದಕಕ್ಕಲ್ಲ. ನಮ್ಮ ಮನೆಯಲ್ಲಿ ಮಾತು ನಿಲ್ಲುವುದೇ ಇಲ್ಲ, ಕೆಳಗೆ ಪೇಟೆ, ಹರಾಜಿನ ಸವಾಲು, ಹಮಾಲರ ಕೂಗು, ಮೇಲೆ ಟಿವಿ, ಆದರೆ ಇಲ್ಲಿ ಬಗ್ಗಿ ರಾಡು ಹಿಡಿದಾಗ, ಎತ್ತುವುದಕ್ಕೆ ಒಂದು ಕ್ಷಣ ಮೊದಲು, ಒಂದು ಮೌನ ಬರುತ್ತದೆ, ಎಲ್ಲವೂ ಇದ್ದು ಯಾವುದೂ ಸದ್ದು ಮಾಡದ ಮೌನ, ಎಂ.ಎ.ಗೆ ತತ್ವಶಾಸ್ತ್ರ ಓದಿದೆ, ದಪ್ಪ ದಪ್ಪ ಪುಸ್ತಕಗಳಲ್ಲೂ ಅದರ ಹೆಸರು ಸಿಗಲಿಲ್ಲ, ಅದಕ್ಕಾಗಿಯೇ ಮೊಣಕಾಲಿಗೆ ಪಟ್ಟಿ, ಸೊಂಟಕ್ಕೆ ಬೆಲ್ಟು, ಬಾಯಿಗೆ ಗುಳಿಗೆ. ನೋವಾದರೋ ಮೌನವಲ್ಲ, ನೋವು ಪಕ್ಕದ ಮನೆಯ ಟಿವಿ, ಏನು ನಡೆದಿದೆ ಎಂದು ಗೊತ್ತಾಗುವುದಿಲ್ಲ, ಆರಿಸಲೂ ಬರುವುದಿಲ್ಲ. ಆ ಮೌನ ಇನ್ನು ಸಿಗದಿದ್ದರೆ ನಾನು ಎಲ್ಲಿ ಹೋಗಲಿ, ಎಡಗಾಲು ಎಳೆಯುತ್ತ ಹೋದರೂ ಪರವಾಗಿಲ್ಲ ಅನ್ನಿಸಿಬಿಡುತ್ತದೆ ಒಮ್ಮೊಮ್ಮೆ, ಛೆ, ಪರವಾಗಿಲ್ಲವೇ, ಒಂದು ಪಾದ.

ಹೋದ ವರ್ಷ ಕಾಕಾ ಗಣಪತಿಯ ಆರತಿ ಹಾಡಿದರು, ದೇವಿಯದು ಹಾಡಿದರು, ಮಾರುತಿಯದೂ ಆಗಲಿ ಎಂದರು, ನಾನು ಎತ್ತಿ ನಿಂತರೆ ಅವರಿಗೆ ಹುರುಪು ಬರುತ್ತದೆ, ನಮ್ಮ ಪೋರಿ ತೋಳು ಅಂದ್ರ ತೋಳು, ಇನ್ನೊಂದ ಹಾಡ್ರಿ ಎಂದು ಹಿಂದಿನಿಂದ ಯಾರೋ, ಹಾಡುವವರಿಗೇನು, ತೋಳು ನನ್ನವು. ದೇವಿಯ ಆರತಿಯ ನಡುವೆ ಸೊಂಟದೊಳಗೆ ಏನೋ ಸರಿಯಿತು, ಮೇಲಿನ ಮಹಡಿಯಲ್ಲಿ ಯಾರೋ ಕಪಾಟು ಎಳೆದ ಹಾಗೆ, ನನಗೆ ಸಂಬಂಧವಿಲ್ಲದ ಮನೆಯಲ್ಲಿ ಆದ ಹಾಗೆ, ಮಾರುತಿಯ ಆರತಿ ಪೂರ್ತಿ ಹಾಗೆಯೇ ನಿಂತೆ, ಚಪ್ಪಾಳೆ ಹೊಡೆದರು, ಮಾರಿ ಯಾಕ ಬೆಳ್ಳಗಾಗೇತಿ ಎಂದು ಭರತೇಶ ಸರ್ ಕೇಳಿದರು, ಕರ್ಪೂರದ ಹೊಗಿ ಸರ್ ಎಂದೆ, ಸರ್ ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು, ನಿಂತುಕೊಂಡೇ, ಸರ್ ಯಾವಾಗಲೂ ನಿಂತುಕೊಂಡೇ, ಬುಧಗಾಂವದಿಂದ ಮೋಟರ್‌ಸೈಕಲ್ಲಿನ ಮೇಲೆ ಬಂದು ಇಳಿದರೆ ಮತ್ತೆ ಮನೆಗೆ ಹೋಗುವವರೆಗೆ ಅವರು ಕೂತದ್ದನ್ನು ಯಾರೂ ಕಂಡಿಲ್ಲ, ನೋಡ್ರಿ ಶಿಸ್ತು ಅಂದ್ರ ಹಂಗ ಎಂದು ನಾನೇ ಹೊಸ ಹುಡುಗಿಯರಿಗೆ ಹೇಳಿದ್ದೇನೆ.

ಬಂದರು. ಕಾಕಾನ ಅತ್ತರಿನ ವಾಸನೆ ಮೊದಲು, ಆಮೇಲೆ ಕಾಕಾ, ಚಲಾ ಚಲಾ, ಹೊತ್ತಾತು, ಇನ್ನ ಎರಡ ಕಡೆ ಪೂಜಾಕ್ಕ ಹೋಗೂದೈತಿ, ಗಂಟೆ ಕೈಗೆ ತೆಗೆದುಕೊಂಡರು, ಭರತೇಶ ಸರ್ ನನ್ನ ಕಡೆ ತಿರುಗಿ ಗದ್ದ ಎತ್ತಿದರು. ಹೋಗುತ್ತೇನೆ. ನನ್ನ ಕಾಲೇ ಹೋಗುತ್ತಿದೆ, ಎಡದ್ದೂ ಸರಿಯಾಗಿಯೇ ಹೋಗುತ್ತಿದೆ, ಹಿಮ್ಮಡಿ, ಅಂಗಾಲು, ಬೆರಳು, ಒಂದು ಪಾದ ಇಷ್ಟೆಲ್ಲ ಕೆಲಸ ಮಾಡುತ್ತದೆ ಎಂದು ಯಾವತ್ತೂ ಲಕ್ಷ್ಯ ಕೊಟ್ಟಿರಲಿಲ್ಲ. ರಾಡು ಹಿಡಿದೆ. ನಿಂಬೆರಸದ ಜಿಗುಟು. ಮೌನ ಬಂತು, ಬಂದೇ ಬಂತು, ಎಂದಿನಂತೆ, ಎಲ್ಲವೂ ಇದ್ದು ಯಾವುದೂ ಸದ್ದು ಮಾಡದೆ — ಎತ್ತದೆಯೂ ಬಂತಲ್ಲ, ಇನ್ನೂ ಎತ್ತಿಲ್ಲ, ಯಾವಾಗಲೂ ಎತ್ತುವುದಕ್ಕೆ ಮೊದಲೇ ಬರುತ್ತಿತ್ತಲ್ಲ, ಇಷ್ಟು ವರ್ಷ ಇದನ್ನು ಹೇಗೆ ನೋಡಲಿಲ್ಲ ನಾನು — ಕೈ ಬಿಟ್ಟೆ. ಸರ್, ನನ್ನ ಕಡಿಂದ ಆಗೂದಿಲ್ಲ. ನನ್ನ ಧ್ವನಿ ಇಷ್ಟು ಸಾದಾ ಇತ್ತು. ಏನ ಆಗೂದಿಲ್ಲ, ಕಾಕಾ ಗಂಟೆ ಹಿಡಿದು ಕೇಳಿದರು. ಬೆನ್ನ ಹೋಗೇತ್ರಿ ಕಾಕಾ, ಎತ್ತಬ್ಯಾಡ ಅಂತ ಹೇಳ್ಯಾರ ಡಾಕ್ಟರ, ಎತ್ತಿದ್ರ ಕಾಲ ಹೋಗತೈತಿ. ಭರತೇಶ ಸರ್ ನನ್ನನ್ನು ಏನೂ ಕೇಳದೆ ಮೃಣಾಲಳ ಕಡೆ ಗದ್ದ ಎತ್ತಿದರು, ನನ್ನ ನಂತರದವಳು, ವಿಶ್ವವಿದ್ಯಾಲಯದ ಬೆಳ್ಳಿ ಗೆದ್ದವಳು, ನನ್ನ ಜಾಗ ಹೋಯಿತು ಎಂದುಕೊಂಡೆ, ಹೋಗಲಿ. ಮೃಣಾಲ ನೆಲ ನೋಡಿದಳು. ಸರ್, ನಂದೂ ಭುಜ. ಏನ ಭುಜ? ಎತ್ತಿದ್ರ ಕಟ್ ಅಂತೈತಿ ಸರ್, ಗಣಪತಿ ಹಬ್ಬದಿಂದ. ಮೊನ್ನೆ ಎತ್ತಿದೆಲ್ಲ ನನ್ನ ಮುಂದ? ಗುಳಿಗಿ ತಗೊಂಡ ಎತ್ತಿದ್ನಿ ಸರ್. ಸರ್ ಗದ್ದ ಇನ್ನೂ ತಿರುಗಿರಲಿಲ್ಲ, ಅಷ್ಟರಲ್ಲಿ ಸಿದ್ಧೇಶ್ವರ, ಎಮ್ಮೆಕೋಣದಂಥ ಕುತ್ತಿಗೆಯವನು, ಪೊಲೀಸ್ ಭರ್ತಿಗೆ ತಯಾರಾಗುತ್ತಿರುವವನು, ಕೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ನನ್ನ ಕಡೆ ನೋಡಬ್ಯಾಡ್ರಿ ಸರ್, ಮಣಿಕಟ್ಟ ಕೆಟ್ಟೈತಿ, ರೊಟ್ಟಿ ಮುರಿಯಾಕ ಆಗವಲ್ತು, ಅವ್ವ ಮುರದ ಕೊಡತಾಳ. ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಇದೇನ ವ್ಯಾಯಾಮಶಾಲಿನೋ ಮಿರಜಿನ ದವಾಖಾನಿನೋ, ಕಾಕಾ ಗಂಟೆ ಅಲ್ಲಾಡಿಸಿದರು, ಭರತೇಶ, ಹಂಗಾರ ನೀನ ಎತ್ತಪಾ. ನಗು ನಿಂತಿತು, ಎಲ್ಲರೂ ಸರ್ ಕಡೆ ತಿರುಗಿದರು. ಸರ್ ಮೊಣಕಾಲ ಮೇಲೆ ಕೈ ಊರಿದರು. ಕಾಕಾ, ನಾ ಬಗ್ಗಿದ್ರ ಎಬ್ಬಸಾಕ ನೀವ ಬರಬೇಕಾಗತೈತಿ, ನಾ ಯಾಕ ಯಾವತ್ತೂ ಕುಂದ್ರೂದಿಲ್ಲ ಅಂತ ತಿಳದೀರಿ ನೀವೆಲ್ಲ? ಕುಂತ್ರ ಏಳಾಕ ಬರೂದಿಲ್ಲ, ಅದಕ್ಕ. ಆಮೇಲೆ ನನ್ನ ಕಡೆ, ಮೆಲ್ಲಗೆ, ಯಾವಾಗಿಂದ? ಹ್ವಾದ ವರ್ಷ ಸರ್, ಆರತಿಯೊಳಗ. ಹೇಳಬಾರದಿತ್ತ? ನೀವ ಹೇಳಿದ್ರೇನ ಸರ್. ಸರ್ ರಾಡಿನ ಕಡೆ ತಿರುಗಿದರು. ಇಳಸ್ರಿ ಅದನ್ನ, ಎಂದರು, ನೆಲಕ್ಕ ಇಡ್ರಿ. ನೆಲಕ್ಕ? ಪದ್ಧತಿ ಏನಾಗಬೇಕ ಭರತೇಶ? ಪದ್ಧತಿ ನಿಮ್ಮ ತೋಳ ಮ್ಯಾಲೆ ಇಡೂಣೇನ್ರಿ ಕಾಕಾ? ಕಾಕಾ ತಮ್ಮ ತೋಳುಗಳನ್ನು ಒಮ್ಮೆ ನೋಡಿಕೊಂಡರು, ಗಂಟೆ ಬಾರಿಸತೊಡಗಿದರು.

ಆ ಕಡೆ ಇಬ್ಬರು ಈ ಕಡೆ ಇಬ್ಬರು ಹಿಡಿದು, ಮಲಗಿದ ಕೂಸನ್ನು ಇಳಿಸುವ ಹಾಗೆ ನೆಲಕ್ಕೆ ಇಟ್ಟರು. ನಾನೂ ಕೂತೆ. ಗೋಡೆ ಹಿಡಿದು, ಒಂದು ಮೊಣಕಾಲು ಊರಿ, ಮಗ್ಗುಲಾಗಿ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದ ಹಾಗೆ, ಎಲ್ಲರ ಎದುರಿಗೆ. ಯಾರೂ ನಗಲಿಲ್ಲ, ಮೃಣಾಲ ಒಂದು ಕೈ ಕೊಟ್ಟಳು, ಆಮೇಲೆ ಭುಜ ನೋಯುತ್ತದೆ ಎಂದು ನೆನಪಾಗಿ ಇನ್ನೊಂದು ಕೈ ಕೊಟ್ಟಳು. ನೆಲದ ಮೇಲಿನ ರಾಡಿಗೆ ಬಗ್ಗಿ ಬಗ್ಗಿ ಆರತಿ ಬೆಳಗಬೇಕಾದ್ದರಿಂದ ಕಾಕಾ ಗಣಪತಿಯ ಒಂದಕ್ಕೇ ಮುಗಿಸಿದರು, ಸೊಂಟ ಹಿಡಿದುಕೊಂಡು ಎದ್ದರು, ಹುಶ್, ಎಂದರು, ಭಾಳ ಆತು. ನಾಳೆ ಲಗೂ ಬಾ, ಪೋರಿಗೋಳ ಬೆನ್ನ ನೆಟ್ಟಗ ಇಡತಾರೋ ಇಲ್ಲೋ ನೋಡಾಕ ನೀನ ಬೇಕು, ಸರ್ ನನ್ನ ತಲೆಯ ಮೇಲಿನಿಂದ ಹೇಳುತ್ತಿದ್ದಾರೆ, ನಿಂತುಕೊಂಡೇ, ಪಾಪ, ನಿಂತುಕೊಂಡೇ, ಹೂಂ ಸರ್. ನೋವು ಇದೆ, ಅಲ್ಲೇ ಇದೆ, ಉಗುರಿನಷ್ಟು, ಆದರೆ ಅದನ್ನು ಮುಚ್ಚಿಡಲು ಬಿಗಿಹಿಡಿದಿದ್ದ ದವಡೆ, ಹೊಟ್ಟೆ, ಬಲತೊಡೆ, ಒಂದೊಂದೇ ಸಡಿಲಾಗುತ್ತಿವೆ, ಇಷ್ಟೆಲ್ಲ ಬಿಗಿಯಾಗಿತ್ತೆಂದು ಸಡಿಲಾದ ಮೇಲೆಯೇ ತಿಳಿಯುತ್ತಿದೆ, ನಿದ್ದೆ ಬರುವ ಹಾಗಿದೆ. ತೆಂಗಿನಕಾಯಿ ಒಡೆದ ಸದ್ದು, ಪ್ರಸಾದ ಪ್ರಸಾದ, ಎಲ್ಲರೂ ಆ ಕಡೆ ಸರಿದರು, ರಾಡಿನ ಹತ್ತಿರ ಯಾರೂ ಇಲ್ಲ. ಅದು ಅಲ್ಲಾಡಿತು. ಕೃಷ್ಣೆಯ ಮಹಾಪೂರ ಬಂದು ಹೋದಾಗಿನಿಂದ ಇಲ್ಲಿಯ ನೆಲ ಒಂದು ಬದಿಗೆ ಇಳಿದಿದೆ, ಅದಕ್ಕೆ, ರಾಡು ತಾನಾಗಿಯೇ ಉರುಳಿತು, ಹೂವಿನ ಸರದ ಮೇಲೆ ಹಾಯ್ದು, ಒಂದು ಗೇಣು. ನಿಂತಿತು. ಯಾರೂ ಮುಟ್ಟಿಲ್ಲ, ಯಾರ ಕೈಯಲ್ಲೂ ಇಲ್ಲ. ಸಿದ್ಧೇಶ್ವರನ ಅವ್ವ ರೊಟ್ಟಿ ಮುರಿಯುವುದು, ಆಯಿಗೆ ಸಂಜೆ ಎಲ್ಲ ಹೇಳಬೇಕು, ಹೇಗೆ ಶುರು ಮಾಡಲಿ — ಮತ್ತೆ ಉರುಳಿತು, ಒಂದು ಗೇಣು, ನಿಂತಿತು. ಹೇಳಬೇಕು, ಆಯಿ, ಇವತ್ತ ನಮ್ಮ ಕಬ್ಬಿಣಕ್ಕೂ ರಜಾ, ಅದು — ಹೂವಿನ ಮೇಲೆ ಹಾಯ್ದು, ಒಂದು ಗೇಣು. ನಿಂತಿತು.