ವರ್ಲಿನ್ ಟ್ಯಾಕೆಟ್ ಕಟ್ಟಿದ ಕಾರು

ಮಣ್ಣು ಮಾಡಿ ಬಂದವರಲ್ಲಿ ಅರ್ಧ ಜನ ಇನ್ನೂ ಊಟದ ಸಾಲಿನಲ್ಲಿ ನಿಂತಿರುವಾಗಲೇ ಕ್ಲಾಯ್ಸ್ ರೇಗನ್ ತನ್ನ ಕರಿ ಕೋಟನ್ನು ಬೇಲಿಗೆ ತಗುಲಿಹಾಕಿ, ಟೈಯ ತುದಿಯನ್ನು ಅಂಗಿಯ ಗುಂಡಿಗಳ ಸಂದಿಗೆ ತುರುಕಿ, ಸತ್ತವನ ಕಾರಿನ ಮುಂದೆ ಮೊಣಕಾಲೂರಿ ರೇಡಿಯೇಟರಿನ ಬೋಲ್ಟು ತಿರುಗಿಸತೊಡಗಿದ್ದ.

"ಏನೋ ಮಾಡ್ತಿದ್ದೀಯ?" ಎಂದ ಡಬ್ ಹೆನ್ಸ್ಲಿ. ಅವನ ಬಾಯಿ ತುಂಬ ಜೋಳದ ರೊಟ್ಟಿ ಇತ್ತು.

"ನಂದು ಕಣೋ ಇದು. ಸದ್ಯಕ್ಕೆ ಹಾಕ್ಕೊಂಡಿರು, ಆಮೇಲೆ ಕೊಡುವೆಯಂತೆ ಅಂದಿದ್ದೆ."

"ಯಾವಾಗ ಕೊಟ್ಟಿದ್ದೆ?"

"ಯುದ್ಧಕ್ಕೂ ಮುಂಚೆ."

ಡಬ್ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. ಭಾರಿ ಆಳು, ಯೋಚನೆಯೂ ನಿಧಾನ. "ಹಂಗಾದ್ರೆ ಹಿಂದಿನ ಚಕ್ರ ಎರಡೂ ನಂದು" ಎಂದು ಹೇಳಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಜಾಕ್ ತರಲು ತನ್ನ ಗಾಡಿಯತ್ತ ಹೋದ.

ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ಆ ಕಾರು ನಿಂತಿತ್ತು. ಮೇಲೆ ಚಾವಣಿಯಿಲ್ಲ, ಎಂಜಿನ್ನಿಗೆ ಮುಚ್ಚಳವಿಲ್ಲ, ಮುಂದೆ ತಗ್ಗಿ ಹಿಂದೆ ಎತ್ತರವಾಗಿ, ಜಿಗಿಯಲು ಹೊಂಚುಹಾಕಿದ ಪ್ರಾಣಿಯಂತೆ ಕಾಣುತ್ತಿತ್ತು. ಎಣ್ಣೆಬಾವಿಗಳ ಊರಾದ ಆಯಿಲ್‌ಡೇಲಿನಲ್ಲಿ, ವೇಗಕ್ಕೆಂದೇ ಕೈಯಾರೆ ಕಟ್ಟಿದ ಇಂಥ ಕಾರುಗಳಿಗೆ ಹಾಟ್ ರಾಡ್ ಎನ್ನುತ್ತಿದ್ದರು. ವರ್ಲಿನ್ ಟ್ಯಾಕೆಟ್ ಮಾತ್ರ ಕೊನೆಯವರೆಗೂ "ಕೆಲಸ" ಎಂದೇ ಕರೆದ. "ಸ್ವಲ್ಪ ಕೆಲಸದ ಹತ್ತಿರ ಹೋಗಿ ಬರ್ತೀನಿ" ಎಂದು ಊಟದ ಮೇಜಿನಿಂದ ಏಳುತ್ತಿದ್ದ. ಹೊಟ್ಟೆಪಾಡಿಗೆ ಮಾಡುತ್ತಿದ್ದ ಎಣ್ಣೆಬಾವಿಯ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಅವನು ಹೆಸರಿಟ್ಟಿರಲಿಲ್ಲ.

ಮಂಗಳವಾರ ಬಿಡಿಭಾಗದ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಅವನ ಎದೆಬಡಿತ ನಿಂತಿತು. ಬಿದ್ದಾಗ ಕೈಯಲ್ಲೊಂದು ವಾಲ್ವ್ ಸ್ಪ್ರಿಂಗ್ ಇತ್ತಂತೆ. ಅಂಗಡಿಯವನು ಅದನ್ನು ಬೆರಳುಗಳಿಂದ ಬಿಡಿಸಿಕೊಂಡು ಮತ್ತೆ ಡಬ್ಬಕ್ಕೆ ಹಾಕಿ, ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿದ. ಈ ಮಾತನ್ನು ಗೋರಿಯ ಪಕ್ಕದಲ್ಲೇ ಯಾರೋ ಹೇಳಿ, ಇನ್ನು ಯಾರೋ ಮೂಗಿನಲ್ಲಿ ನಕ್ಕಿದ್ದರು.

*

ಕಾರಿನ ಬಾಡಿ ಅವನಿಗೆ ಸಿಕ್ಕಿದ್ದು ಕರ್ನ್ ಹೊಳೆಯ ದಡದಲ್ಲಿ. ಪ್ರವಾಹಕ್ಕೆ ದಡ ಕೊಚ್ಚಿಹೋಗದಿರಲಿ ಎಂದು ತೋಟದವರು ಹಳೆಯ ಕಾರುಗಳ ಬಾಡಿಗಳನ್ನು ಉರುಳಿಸಿ ಮಣ್ಣು ತುಂಬಿಸುತ್ತಿದ್ದರು. ಒಕ್ಲಹೋಮಾದಿಂದ ಬಂದು ಹತ್ತಿ ಬಿಡಿಸುತ್ತಿದ್ದ ಕಾಲದಲ್ಲಿ ವರ್ಲಿನ್ ಅಂಥದ್ದೊಂದು ಫೋರ್ಡ್ ಬಾಡಿಯನ್ನು ಸಲಿಕೆಯಲ್ಲಿ ಅಗೆದು, ಹೇಸರಗತ್ತೆಗೆ ಕಟ್ಟಿ ಎಳೆಸಿಕೊಂಡು ಬಂದ. ಅದರೊಳಗೆ ಆಮೆಯೊಂದು ಮನೆ ಮಾಡಿತ್ತು.

"ಆಮೆ ಗಾಡಿ ಕಣ್ರೋ, ಡ್ರೈವರ್ ಸಮೇತ ಬಂದಿದೆ" ಎಂದು ಕ್ಲಾಯ್ಸ್ ಬೀದಿಗೆಲ್ಲ ಸಾರಿದ್ದ.

ತೂತುಗಳಿಗೆ ವರ್ಲಿನ್ ಕಾಫಿ ಡಬ್ಬಗಳನ್ನು ಚಪ್ಪಟೆ ಮಾಡಿ ಬೆಸೆದ. ಹೊಗೆ ಕೊಳವೆಗೆ ಬಾವಿಯ ಬಳಿ ಎಸೆದಿದ್ದ ಪೈಪು. ಹೊಸದಾಗಿ ಕೊಳ್ಳುವಷ್ಟು ಕಾಸು ಯಾವತ್ತೂ ಇರಲಿಲ್ಲ. ಹಾಗಾಗಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಊರವರ ಕಾರುಗಳಿಗೆಲ್ಲ ಕೈಹಾಕುತ್ತಿದ್ದ. ಕ್ಲಾಯ್ಸನ ಗೇರ್‌ಬಾಕ್ಸನ್ನು ಬಿಚ್ಚಿ ಹಲ್ಲು ಹಲ್ಲಾಗಿ ತೊಳೆದು ಜೋಡಿಸಿದ. ಡಬ್‌ನ ಲಾರಿಯ ಬ್ರೇಕು ಸರಿಮಾಡಲು ಇಡೀ ಒಂದು ಚಳಿಗಾಲ ನೆಲದ ಮೇಲೆ ಬೆನ್ನು ಹಾಕಿ ಮಲಗಿದ. ಅವರು ತಮಗೆ ಬೇಡವಾದ ಒಂದು ರೇಡಿಯೇಟರು, ಸವೆದ ಚಕ್ರ ಎರಡನ್ನು ಅವನ ಅಂಗಳಕ್ಕೆ ಎಸೆದು ಹೋದರು. ಅದು ತನ್ನ ಕೂಲಿ ಎಂದು ವರ್ಲಿನ್ ತಿಳಿದ. ಪಾಪ, ಇರಲಿ ಅಂತ ಕೊಟ್ಟದ್ದು ಎಂದು ಅವರು ತಿಳಿದರು. ಎರಡೂ ಕಡೆಯವರು ಬಾಯಿಬಿಟ್ಟು ಕೇಳಿಕೊಳ್ಳದೆ ಇಪ್ಪತ್ತು ವರ್ಷ ಕಳೆಯಿತು.

*

"ಅಕ್ಕ, ಬಂದು ನೋಡೇ. ಹೆಣ ಇಳಿಸಿ ಒಂದು ಗಂಟೆ ಆಗಿಲ್ಲ, ಇವರು ಬಿಚ್ಕೋತಾ ಕೂತಿದ್ದಾರೆ!" ಅಡುಗೆಮನೆಯ ಜಾಲರಿ ಬಾಗಿಲಲ್ಲಿ ನಿಂತು ವಾಂಡಾ ಕೂಗಿದಳು.

ಅವಳ ಅಕ್ಕ ಒಲೀಟಾ, ವರ್ಲಿನ್‌ನ ಹೆಂಡತಿ, ಆಲೂಗಡ್ಡೆ ಸಲಾಡಿನ ದೊಡ್ಡ ಬೋಗುಣಿಯನ್ನು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. "ಯಾರ್ಯಾರಿದ್ದಾರೆ?"

"ಕ್ಲಾಯ್ಸು, ಡಬ್ಬು. ಈಗ ಇನ್ನೂ ನಾಲ್ಕು ಜನ ಬರ್ತಿದ್ದಾರೆ. ಒಬ್ಬ ದೀಪಕ್ಕೆ ಕೈಹಾಕಿದ."

"ಊಟ ಆಯ್ತಾ ಅವರದ್ದು?"

ವಾಂಡಾ ಅಕ್ಕನ ಮುಖವನ್ನೇ ನೋಡಿದಳು.

ಹೊರಗೆ ಆ ಹೊತ್ತಿಗೆ ಮಾತು ಏರಿತ್ತು. ಚೋನ್ ಅರೆಡೊಂಡೊ ಬಂದಿದ್ದ. ಬಾವಿಯಲ್ಲಿ ವರ್ಲಿನ್‌ನ ಜೊತೆ ಹನ್ನೊಂದು ವರ್ಷ ಒಂದೇ ಪಾಳಿ ಮಾಡಿದ ಮೆಕ್ಸಿಕನ್. ಚರ್ಚಿನಲ್ಲಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದ, ಅಲ್ಲಿಂದ ಯಾರೂ ಊಟಕ್ಕೆ ಕರೆಯದಿದ್ದರೂ ನಡೆದು ಬಂದಿದ್ದ.

"ಆ ರೇಡಿಯೇಟರಿಗೆ ಅವನು ನಿನ್ನ ಗೇರ್‌ಬಾಕ್ಸ್ ಕಟ್ಟಿಕೊಟ್ಟ. ಸಾಲ ಅಲ್ಲ ಅದು" ಎಂದ ಕ್ಲಾಯ್ಸನಿಗೆ.

"ನಿನ್ನ ಯಾರಪ್ಪ ಕೇಳಿದ್ರು?"

"ಕಾರು ಹೀಗೇ ಇರ್ಬೇಕು. ಬಿಚ್ಚಬೇಡಿ. ನನ್ನ ನಂತರ ಇದು ನಿಂದು ಅಂತ ಅವನೇ ನನಗೆ ಹೇಳಿದ್ದ."

ಡಬ್ ಜಾಕಿನ ಹಿಡಿ ಒತ್ತುತ್ತಲೇ ಕೇಳಿದ: "ಸ್ಪ್ಯಾನಿಷ್‌ನಲ್ಲಿ ಹೇಳಿದ್ನಾ?"

ಎಲ್ಲರೂ ನಕ್ಕರು. ಇದೇ ಗಂಟಲುಗಳು ಬೆಳಿಗ್ಗೆ ಗೋರಿಯ ಬಳಿ ಸ್ತೋತ್ರ ಹಾಡಿದ್ದವು.

"ಅವನ ಹೆಂಡತಿಯನ್ನೇ ಕೇಳೋಣ" ಎಂದ ಚೋನ್. ಅವನ ಕುತ್ತಿಗೆ ಕೆಂಪಾಗಿತ್ತು. "ಅವಳಿಗೆ ಎಲ್ಲಾ ಗೊತ್ತು. ಯಾವುದು ದುಡಿದದ್ದು, ಯಾವುದು ಬೇಡಿದ್ದು, ಅವಳು ಹೇಳಲಿ."

"ಕೇಳು ಮತ್ತೆ" ಎಂದು ಕ್ಲಾಯ್ಸ್ ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸಿದ. ಅವನ ದನಿಯಲ್ಲಿ ಸ್ವಲ್ಪ ಅಳುಕಿತ್ತು. ಗೇರ್‌ಬಾಕ್ಸಿನ ವಿಷಯ ಒಲೀಟಾಳಿಗೆ ನಿಜವಾಗಿಯೂ ಗೊತ್ತಿತ್ತು. ಅದು ವಾರಗಟ್ಟಲೆ ಅವಳ ಅಡುಗೆ ಮೇಜಿನ ಮೇಲೇ ಬಿಚ್ಚಿಕೊಂಡು ಬಿದ್ದಿತ್ತು.

*

ಯುದ್ಧ ಮುಗಿದ ಮೇಲಿನ ಒಂದು ಸೆಪ್ಟೆಂಬರ್ ಮಧ್ಯಾಹ್ನ. ಒಲೀಟಾಳಿಗೆ ದಿನ ತುಂಬಿತ್ತು. ಹಿಂದಿನ ದಿನದಿಂದ ಮಗು ಅಲುಗುತ್ತಿಲ್ಲ ಎಂದು ಅವಳು ಎರಡು ಸಲ ಹೇಳಿದ್ದಳು. ವರ್ಲಿನ್ "ನಿದ್ದೆ ಮಾಡ್ತಿರ್ಬೇಕು" ಎಂದಿದ್ದ. ಮನೆಯ ಮರ್ಕ್ಯುರಿ ಕಾರು ಇಟ್ಟಿಗೆಗಳ ಮೇಲೆ ಕೂತಿತ್ತು. ಅದರ ಎಂಜಿನ್ನನ್ನು ಕಿತ್ತು, ಆ ಬೆಳಿಗ್ಗೆಯಷ್ಟೇ ಅವನು ತನ್ನ "ಕೆಲಸ"ದಲ್ಲಿ ಕೂರಿಸಿ ಮುಗಿಸಿದ್ದ. ಹಳೇ ವಿಮಾನ ಇಳಿದಾಣದಲ್ಲಿ ಆ ದಿನ ಕಾರುಗಳ ಓಟದ ಪಂದ್ಯ. ಬೀದಿಯ ಗಂಡಸರೂ ಗಾಡಿಗಳೂ ಎಲ್ಲ ಅಲ್ಲೇ.

ನೋವು ಬಂದಾಗ ಅವನು ಆ ಬೀದಿಯ ಕೊನೆಯವರೆಗೂ ಗಾಡಿ ಹುಡುಕಿ ಓಡಿ ಬರಿಗೈಯಲ್ಲಿ ಬಂದ.

"ಇದರಲ್ಲೇ ಆಸ್ಪತ್ರೆಗೆ ಹೋಗೋಣ" ಎಂದ.

"ಇದರಲ್ಲಿ ಸೀಟೇ ಇಲ್ಲವಲ್ಲ."

ಅವನು ತನಗೊಂದು ಕಿತ್ತಳೆ ಹಣ್ಣಿನ ಪೆಟ್ಟಿಗೆ, ಅವಳಿಗೆ ಹತ್ತಿ ತುಂಬಿದ ಗೋಣಿಚೀಲ ಹಾಕಿದ. ಕಾಲಿಡಲು ತಳವೂ ಇರಲಿಲ್ಲ. ಅಡ್ಡಪಟ್ಟಿಯ ಮೇಲೆ ಹಿಮ್ಮಡಿ ಊರಿ, ಬಾಗಿಲ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಕೂತಳು. ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು.

ಊರು ದಾಟಿದ ಮೇಲೆ ರಸ್ತೆ ಅವಳ ಪಾದಗಳ ಕೆಳಗೆ ಬೂದು ನೀರಿನಂತೆ ಹರಿಯಿತು. ಜಲ್ಲಿಕಲ್ಲು ಮೀನಖಂಡಕ್ಕೆ ಬಡಿದು ರಕ್ತ ಬಂತು. ಅವಳು ಕಿರುಚಿದಳು. ಎಂಜಿನ್ ಅವಳಿಗಿಂತ ಜೋರಾಗಿ ಕಿರುಚುತ್ತಿತ್ತು. ನಿಧಾನ ಮಾಡು ಎನ್ನಬೇಕೋ ಜೋರು ಮಾಡು ಎನ್ನಬೇಕೋ ತಿಳಿಯದೆ ಅವಳು ಅವನ ಕಡೆ ತಿರುಗಿದಳು.

ಅವನು ನಗುತ್ತಿದ್ದ.

ಹಲ್ಲು ಕಾಣುವಂತೆ, ಕಣ್ಣಲ್ಲಿ ನೀರು ಬರುವಂತೆ, ಹಬ್ಬದ ದಿನದ ಹುಡುಗನಂತೆ ನಗುತ್ತಿದ್ದ. ಮದುವೆಯ ದಿನವೂ ಆ ಮುಖವನ್ನು ಅವಳು ಕಂಡಿರಲಿಲ್ಲ. "ತೊಂಬತ್ತು!" ಎಂದು ಅವಳ ಕಿವಿಯ ಹತ್ತಿರ ಬಾಗಿ ಕೂಗಿದ. "ತೊಂಬತ್ತು ಮೈಲಿ ಕಣೇ, ಒಲೀಟಾ!"

ಹೆಣ್ಣು ಮಗು. ಹೊಟ್ಟೆಯಲ್ಲೇ ಹಿಂದಿನ ದಿನ ತೀರಿಕೊಂಡಿತ್ತು, ಹೇಗೆ ಬಂದಿದ್ದರೂ ಅಷ್ಟೇ ಎಂದರು ಡಾಕ್ಟರು. ಮತ್ತೆ ಮಕ್ಕಳಾಗುವುದಿಲ್ಲ ಎಂದೂ ಹೇಳಿದರು. ವರ್ಲಿನ್ ಮಂಚದ ಪಕ್ಕ ಕೂತು ಅತ್ತ. ನಿಜವಾಗಿಯೇ ಅತ್ತ. ಆದರೆ ಸಂಜೆ ಕ್ಲಾಯ್ಸ್ ಮಾತನಾಡಿಸಲು ಬಂದಾಗ, ತೆರೆದ ಕಿಟಕಿಯಾಚೆ ಅವರಿಬ್ಬರ ಮಾತು ಅವಳಿಗೆ ಕೇಳಿಸಿತು. ಮೊದಲು ಪಿಸುಮಾತು. ಆಮೇಲೆ ವರ್ಲಿನ್‌ನ ದನಿ ತಾನಾಗಿಯೇ ಏರಿತು. "ಮೂರನೇ ಗೇರಿಗೆ ಹಾಕಿದೆ ನೋಡು, ಹಾರ್‌ಬಿಡ್ತು ಮಾರಾಯ..."

ಆ ದಿನ ಓಡಿದಂತೆ ಅದು ಮತ್ತೆಂದೂ ಓಡಲಿಲ್ಲ. ಇಳಿದಾಣಕ್ಕೆ ಒಯ್ದಾಗಲೆಲ್ಲ ಅಂಗಡಿಯ ಹೊಸ ಭಾಗಗಳನ್ನು ಹಾಕಿಸಿಕೊಂಡು ಬಂದ ಹುಡುಗರು ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ ಹಾರ್ನ್ ಹೊಡೆದರು. ಅವನು ಮನೆಗೆ ಬಂದು ಮತ್ತೆ ಬಿಚ್ಚುತ್ತಿದ್ದ, ಮತ್ತೆ ಜೋಡಿಸುತ್ತಿದ್ದ. ಎಷ್ಟೋ ಸಂಜೆ, ತಟ್ಟೆಯಲ್ಲಿದ್ದ ಬೀನ್ಸನ್ನು ಚಮಚದಲ್ಲಿ ಕಲಸುತ್ತ, ಎದುರಿಗೆ ಕೂತ ಹೆಂಡತಿಗೇ ಹೇಳುತ್ತಿದ್ದ: "ಏನು ತಪ್ಪಿದೆ ಅಂತ ಗೊತ್ತಾಗ್ತಿಲ್ಲ ಕಣೇ. ಆ ದಿನ ಎಷ್ಟು ಚೆನ್ನಾಗಿ ಓಡ್ತು, ನೆನಪಿದೆಯಲ್ಲ ನಿಂಗೆ?"

"ಇದೆ" ಎನ್ನುತ್ತಿದ್ದಳು ಒಲೀಟಾ.

*

ಒಲೀಟಾ ಏಪ್ರನ್ನಿಗೆ ಕೈ ಒರೆಸಿಕೊಂಡು ಮೆಟ್ಟಿಲಿಳಿದು ಬಂದಾಗ ಗಂಡಸರು ಟೋಪಿ ತೆಗೆದರು. ಹಿಂದಿನ ಚಕ್ರಗಳು ಆಗಲೇ ಹುಲ್ಲಿನ ಮೇಲಿದ್ದವು.

"ಒಲೀಟಾ, ನೀವೇ ಹೇಳಿ" ಎಂದ ಚೋನ್. "ಇವರು ಇದನ್ನೆಲ್ಲ ಸಾಲ ಕೊಟ್ಟಿದ್ದರಾ? ಅವನು ದುಡಿದು ತಗೊಂಡದ್ದಲ್ವಾ?"

ಕ್ಲಾಯ್ಸ್ ಅವಳ ಕಣ್ಣು ತಪ್ಪಿಸಿ ರೇಡಿಯೇಟರನ್ನು ನೋಡಿದ.

"ಎಲ್ಲಾ ಅವರದ್ದೇ" ಎಂದಳು ಒಲೀಟಾ.

"ಏನು?"

"ಅವರು ಹೇಳಿದ್ದು ನಿಜ. ಎಲ್ಲಾ ಸಾಲ ತಂದಿದ್ದು. ಬಿಚ್ಕೊಂಡು ಹೋಗ್ಲಿ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಡಬ್, ಎಂಜಿನ್ ಯಾರದ್ದು ಅಂತ ಕೇಳೋದು ಬೇಡ. ಬೇಕಾದವರು ತಗೊಳ್ಳಿ. ಕತ್ತಲಾಗೋದ್ರೊಳಗೆ ಮುಗೀಲಿ."

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ತಂಗಿ" ಎಂದ ಡಬ್.

ಚೋನ್ ಅವಳ ಹಿಂದೆಯೇ ಎರಡು ಹೆಜ್ಜೆ ಬಂದ. "ಅವನು ಇಪ್ಪತ್ತು ವರ್ಷ ಮಾಡಿದ್ದು ಇದೊಂದೇ ಅಲ್ವಾ, ಸೆನ್ಯೋರಾ. ಬೇರೆ ಏನೂ ಇಲ್ಲ ಅವನದ್ದು."

"ಗೊತ್ತು ನಂಗೆ" ಎಂದು ಅವಳು ಒಳಗೆ ಹೋದಳು.

ಆಮೇಲೆ ಅವಸರ ಶುರುವಾಯಿತು. ಕರಿ ಕೋಟುಗಳೆಲ್ಲ ಬೇಲಿಯ ಮೇಲೆ ಸಾಲಾಗಿ ತೂಗಿದವು. ಕಾರ್ಬ್ಯುರೇಟರಿಗೆ ಇಬ್ಬರು ಜಗಳವಾಡಿ ಒಬ್ಬ ಇನ್ನೊಬ್ಬನ ಕೊರಳಪಟ್ಟಿ ಹಿಡಿದ. ಎಂಜಿನ್ ಎತ್ತಲು ಮಾಡಿನ ತೊಲೆಗೆ ಸರಪಣಿ ಹಾಕಿದಾಗ ತೊಲೆ ಬಾಗಿ ಒಂದು ಕಡೆಯ ತಗಡು ಕಳಚಿ ಬಿತ್ತು. ಯಾರೂ ಅದನ್ನು ಎತ್ತಿಡಲಿಲ್ಲ. "ಏನ್ ಬಿಗಿ ಮಾಡಿದ್ದಾನೋ ಕಳ್ಳನನ್ಮಗ, ಒಂದೊಂದಕ್ಕೂ ಬೆವರಿಳಿಸ್ತಾನೆ" ಎಂದ ಕ್ಲಾಯ್ಸ್. ಆ ದಿನ ಸತ್ತವನ ಬಗ್ಗೆ ಅವನು ಆಡಿದ ಒಳ್ಳೆಯ ಮಾತು ಅದೊಂದೇ.

ಚೋನ್ ಬೇಲಿಯ ಹತ್ತಿರ ಕೈಕಟ್ಟಿ ಬಹಳ ಹೊತ್ತು ನಿಂತಿದ್ದ. ಎಂಜಿನ್ ಲಾರಿಗೆ ಏರಿದ ಮೇಲೆ, ಯಾರನ್ನೂ ನೋಡದೆ ಬಂದು, ನೆಲದಲ್ಲಿ ಬಿದ್ದಿದ್ದ ಸ್ಪ್ಯಾನರೊಂದನ್ನು ಎತ್ತಿಕೊಂಡ. ಸ್ಟೇರಿಂಗ್ ಚಕ್ರವನ್ನು ಬಿಚ್ಚಿದ. ಅದನ್ನು ಕಂಕುಳಲ್ಲಿ ಇರುಕಿಕೊಂಡು ಗೇಟಿನ ಕಡೆ ನಡೆದ.

"ನೋಡ್ರೋ, ಇವನೂ ಸಾಲ ಕೊಟ್ಟಿದ್ನಂತೆ!" ಡಬ್ ಕೂಗಿದ.

ಚೋನ್ ತಿರುಗಲಿಲ್ಲ.

ಇಳಿಬಿಸಿಲಲ್ಲಿ ಗಾಡಿಗಳು ಒಂದೊಂದಾಗಿ ಹೊರಟವು. ಬರಿ ಬಾಡಿಯೊಂದು ಹೊಟ್ಟೆ ನೆಲಕ್ಕೆ ತಾಗಿಸಿ ಉಳಿಯಿತು. ಕಾಫಿ ಡಬ್ಬದ ತೇಪೆಗಳು ಹೊಳೆಯುತ್ತಿದ್ದವು.

ಅಡುಗೆಮನೆಯಲ್ಲಿ ಎಂಜಲು ತುಂಬಿದ ತೊಟ್ಟಿಯನ್ನು ಹೊತ್ತು ವಾಂಡಾ ಕೇಳಿದಳು: "ಎಲ್ಲಿಗೆ ಸುರೀಲಿ ಅಕ್ಕ? ಕಸದ ಡಬ್ಬ ತುಂಬಿಹೋಗಿದೆ."

ಒಲೀಟಾ ತೊಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಅಂಗಳ ದಾಟಿ ಹೋಗಿ, ಬಾಡಿಯ ಅಂಚಿಗೆ ತೊಟ್ಟಿ ಊರಿ, ಪೂರ್ತಿ ಬಗ್ಗಿಸಿದಳು. ಕಾಗದದ ತಟ್ಟೆಗಳು, ಕೋಳಿ ಮೂಳೆಗಳು, ಬಾಡಿದ ಹೂವುಗಳು ಒಳಗೆ ಬಿದ್ದವು. ತೊಟ್ಟಿಯ ತಳವನ್ನು ಎರಡು ಸಲ ತಟ್ಟಿ, ಬರಿದಾದ ಮೇಲೆ ಮನೆಯತ್ತ ತಿರುಗಿದಳು.

ಪಕ್ಕದ ಮನೆಯ ಕೆಂದು ನಾಯಿ ಬೇಲಿ ನುಸುಳಿ ಬಂದು ಒಳಕ್ಕೆ ಹಾರಿತು. ಮೂಳೆಯೊಂದನ್ನು ಕಚ್ಚಿಕೊಂಡು, ಚಾಲಕ ಕೂರುತ್ತಿದ್ದ ಜಾಗದಲ್ಲಿ ನೆಟ್ಟಗೆ ಕೂತು, ಎದುರಿನ ಖಾಲಿ ರಸ್ತೆಯನ್ನು ನೋಡುತ್ತ ಅಗಿಯತೊಡಗಿತು.